ಕೆಣಕೋ ಸಿನಿಮಾ ತೋರಿಸ್ಬೇಕಾ ಬೇಡ್ವಾ: ಕೆಟ್ಟ ಗಳಿಗೇಲಿ ಕ್ಯಾಮೆರಾ ಎಲ್ಲಿ ನಿಂತಿದೆ ನೋಡಿ

ನಮ್ಮ ತುಮಕೂರು ಸಿನಿಮಾ ಗುಂಪಲ್ಲಿ ಶಿರಾದ ಅಣ್ಣ ನಿನ್ನೆ ಹಾಕಿದ ಮೆಸೇಜು, ಅದಕ್ಕೆ ತಿಪಟೂರು ಅಕ್ಕ ಕೊಟ್ಟ ಉತ್ತರ, ಆಮೇಲೆ ಮಧ್ಯರಾತ್ರಿವರ್ಗೂ ನಡೆದ ವಾದ ಎಲ್ಲಾ ಓದಿದೆ. ಅಣ್ಣ ಹೇಳೋದು, ಈ ಆರ್ಟ್ ಸಿನಿಮಾದವ್ರು ಜನರನ್ನ ಬೆಚ್ಚಿಬೀಳಿಸಿ ಫೆಸ್ಟಿವಲ್ಲಲ್ಲಿ ಹೆಸರು ಮಾಡ್ಕೊಳ್ತಾರೆ, ಅದರಲ್ಲಿ ಕಲೆ ಗಿಲೆ ಏನೂ ಇಲ್ಲ, ನಮ್ಮ ತಿಂಗಳ ಶೋಗೆ ಅಂಥದ್ದು ಬೇಡ. ಅಕ್ಕ ಹೇಳೋದು, ಮನಸ್ಸಿಗೆ ಹಿತ ಆಗೋದೇ ಬೇಕು ಅಂದ್ರೆ ಮನೇಲಿ ಟಿವಿ ಇದೆ, ತುಮಕೂರವರ್ಗೂ ಬಸ್ ಹತ್ತಿ ಯಾಕೆ ಬರ್ಬೇಕು. ಈ ಗಲಾಟೇಲಿ ಕಾಲೇಜ್ ಹುಡುಗ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಒಂದು ಸಿನಿಮಾ ಏನೋ ಹೇಳೋಕೆ ಕೆಣಕ್ತಿದ್ಯಾ ಇಲ್ಲ ಸುಮ್ನೆ ಸುದ್ದಿ ಆಗೋಕೆ ಕೆಣಕ್ತಿದ್ಯಾ, ಗುರುತು ಹಿಡಿಯೋದು ಹೆಂಗೆ ಅಂತ. ಅದು ಸರಿಯಾದ ಪ್ರಶ್ನೆ, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಮುಖ್ಯವಾಗಿ ನೋಡೋದು ಒಂದೇ. ಸಿನಿಮಾದಲ್ಲಿ ಅತ್ಯಂತ ಕೆಟ್ಟ ಗಳಿಗೆ ಬರುತ್ತಲ್ಲ, ಆಗ ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಪಕ್ಕ ನಿಂತಿದೆ, ನಮ್ಮ ಕೈಲಿ ಏನು ಮಾಡಿಸ್ತಿದೆ. ಕಥೆ ಎಷ್ಟು ಘೋರ ಅನ್ನೋದು ಆಮೇಲಿನ ಮಾತು.

ಅಣ್ಣ ಬೈದ 'ಫನ್ನಿ ಗೇಮ್ಸ್' ಅನ್ನೇ ತಗೊಳ್ಳಿ, ಆಸ್ಟ್ರಿಯಾದ ಮಿಕಾಯೆಲ್ ಹಾನೆಕೆ 1997ರಲ್ಲಿ ಮಾಡಿದ್ದು. ಬಿಳಿ ಗ್ಲೌಸ್ ಹಾಕ್ಕೊಂಡ ಇಬ್ಬರು ಹುಡುಗರು ಮೊಟ್ಟೆ ಕೇಳ್ಕೊಂಡು ಒಂದು ಮನೆಗೆ ಬಂದು ಗಂಡ ಹೆಂಡ್ತಿ ಮಗೂನ ಒತ್ತೆ ಇಟ್ಕೊಳ್ತಾರೆ. ಆ ಮಗು ಸಾಯೋ ಗಳಿಗೆ ನೆನಪು ಮಾಡ್ಕೊಳ್ಳಿ ಅಣ್ಣ. ಒಬ್ಬ ಅಡುಗೆಮನೇಲಿ ಸ್ಯಾಂಡ್‌ವಿಚ್ ಮಾಡ್ಕೊಳ್ತಿರ್ತಾನೆ, ಕ್ಯಾಮೆರಾ ಅವನ ಜೊತೇಲೇ ಇರುತ್ತೆ, ಪಕ್ಕದ ರೂಮಿಂದ ಟಿವೀಲಿ ಕಾರ್ ರೇಸ್ ಸದ್ದು, ಆಮೇಲೆ ಗುಂಡಿನ ಸದ್ದು, ಕಿರುಚಾಟ, ಇವನು ತನ್ನ ಕೆಲಸ ನಿಲ್ಲಿಸಲ್ಲ. ಕೊಲೆ ನಮಗೆ ಕಾಣಲ್ಲ. ಮುಂದಿನ ಶಾಟಲ್ಲಿ ಟಿವಿ ಮೇಲೆ ರಕ್ತ, ರೇಸ್ ಇನ್ನೂ ಓಡ್ತಾನೇ ಇದೆ, ಆಮೇಲೆ ಕೈಕಾಲು ಕಟ್ಟಿಸ್ಕೊಂಡ ಆ ತಾಯಿ ಕುಪ್ಪಳಿಸ್ಕೊಂಡು ಹೋಗಿ ಮೊದಲು ಆ ಟಿವಿ ಆಫ್ ಮಾಡ್ತಾಳೆ. ಸುಮಾರು ಹತ್ತು ನಿಮಿಷ ಕಟ್ ಇಲ್ಲ, ಮ್ಯೂಸಿಕ್ ಇಲ್ಲ. ಬೇರೆ ಯಾವ ಥ್ರಿಲ್ಲರಲ್ಲಾದ್ರೂ ಕೊಲೆ ತೋರಿಸಿ ಮುಂದಕ್ಕೆ ಓಡ್ತಾರೆ, ಇವನು ಕೊಲೆ ಬಿಟ್ಟು ಅದಾದ್ಮೇಲಿನ ಹೊತ್ತನ್ನ ನಮ್ಮ ಮುಂದೆ ಇಡ್ತಾನೆ. ಇನ್ನೊಂದು ಕಡೆ ಆ ತಾಯಿ ಗನ್ ಎತ್ಕೊಂಡು ಇಬ್ಬರಲ್ಲಿ ಒಬ್ಬನ್ನ ಹೊಡೀತಾಳೆ, ನಾವು ಖುಷಿಯಾಗ್ತೀವಿ, ತಕ್ಷಣ ಇನ್ನೊಬ್ಬ ರಿಮೋಟ್ ಹುಡುಕಿ ಸಿನಿಮಾನೇ ಹಿಂದಕ್ಕೆ ಓಡಿಸ್ಬಿಡ್ತಾನೆ. ಅಣ್ಣನಿಗೆ ಕೋಪ ಬಂದಿದ್ದು ಅಲ್ಲೇ ಅಂತ ಬರ್ದಿದ್ರು, ದುಡ್ಡು ಕೊಟ್ಟು ನೋಡೋಕೆ ಬಂದ ನಮ್ಮನ್ನೇ ತಪ್ಪಿತಸ್ಥರು ಮಾಡ್ತಾನೆ ಅಂತ. ಆ ಕೋಪ ನ್ಯಾಯವಾದ್ದೇ, ಹಾನೆಕೆಗೆ ಪಾಠ ಹೇಳೋ ಚಟ ಇದೆ, ನನಗೂ ಅದು ಹಿಡಿಸಲ್ಲ. ಆದ್ರೆ ಅವನು ರಕ್ತ ತೋರಿಸಿ ವ್ಯಾಪಾರ ಮಾಡ್ತಿದಾನೆ ಅನ್ನೋ ಮಾತನ್ನ ನಾನು ಒಪ್ಪಲ್ಲ.

ಗಾಸ್ಪರ್ ನೋಯೆಯ 'ಇರ್‌ರಿವರ್ಸಿಬಲ್' (2002) ಬೇರೆ ಥರ. ಅದರ ಮೊದಲ ಭಾಗದಲ್ಲಿ ಕಿವಿಗೆ ಸರಿಯಾಗಿ ಕೇಳಿಸದಷ್ಟು ಕೆಳಗಿನ ಫ್ರೀಕ್ವೆನ್ಸಿಯ ಸದ್ದನ್ನ ಬೇಕಂತ್ಲೇ ಬೆರೆಸಿದಾರೆ, ಕ್ಯಾಮೆರಾ ಗಿರಗಿರ ತಿರುಗ್ತಾನೇ ಇರುತ್ತೆ, ನೋಡೋರಿಗೆ ಹೊಟ್ಟೆ ತೊಳಸ್ಲಿ ಅಂತ. ಇದನ್ನ ನಾನು ಕಲೆಯ ಶಕ್ತಿ ಅಂತ ಒಪ್ಪಲ್ಲ, ವಾಕರಿಕೆ ಬರ್ಸೋಕೆ ಯೋಚನೆ ಬೇಕಾಗಿಲ್ಲ. ಅದರಲ್ಲಿ ಒಂದು ಸುರಂಗದಲ್ಲಿ ನಡೆಯೋ ಅತ್ಯಾಚಾರದ ದೃಶ್ಯ ಸುಮಾರು ಒಂಬತ್ತು ನಿಮಿಷ, ಕ್ಯಾಮೆರಾ ನೆಲದ ಹತ್ರ ಅಲ್ಲಾಡದೆ ನಿಂತಿರುತ್ತೆ. ಹಿಂದೆ ದೂರದಲ್ಲಿ ಒಬ್ಬ ಮನುಷ್ಯ ಸುರಂಗದೊಳಗೆ ಬಂದು, ನೋಡಿ, ಹಂಗೇ ವಾಪಸ್ ಹೋಗ್ತಾನೆ. ಇಡೀ ಸಿನಿಮಾದಲ್ಲಿ ನನಗೆ ನಿಜ ಅನಿಸಿದ್ದು ಆ ಮನುಷ್ಯ. ಅಷ್ಟಿದ್ರೂ ನಮ್ಮ ಹಾಲಲ್ಲಿ ಇದನ್ನ ಹಾಕೋದು ಬೇಡ. ಕತ್ತಲಲ್ಲಿ ಎಪ್ಪತ್ತು ಎಂಬತ್ತು ಜನರ ಮಧ್ಯೆ ಅಂಥದ್ದನ್ನ ಅನುಭವಿಸಿರೋ ಹೆಣ್ಣುಮಗಳು ಒಬ್ಬಳು ಕೂತಿದ್ರೆ ಅವಳು ಎದ್ದು ಹೋಗೋಕೂ ಆಗಲ್ಲ, ಕೂರೋಕೂ ಆಗಲ್ಲ. ಇಟಲಿಯ ಪಸೊಲಿನಿಯ 'ಸಾಲೊ' ಕೂಡ ಹಂಗೇ, ದೊಡ್ಡ ಸಿನಿಮಾ, ಫ್ಯಾಸಿಸ್ಟ್ ಅಧಿಕಾರ ಮನುಷ್ಯನ ಮೈಯನ್ನ ಹೆಂಗೆ ಸರಕು ಮಾಡ್ಕೊಳ್ಳುತ್ತೆ ಅಂತ ಅಷ್ಟು ಕಟುವಾಗಿ ತೋರಿಸಿದ್ದು ಇನ್ನೊಂದು ಗೊತ್ತಿಲ್ಲ, ಆದ್ರೆ ಅದು ಒಬ್ಬೊಬ್ಬರೇ ತಯಾರಾಗಿ ನೋಡೋ ಸಿನಿಮಾ.

ಇನ್ನೊಂದು, ಕ್ಯಾಮೆರಾ ಮುಂದಿರೋರಿಗೆ ಏನಾಯ್ತು ಅಂತಾನೂ ಕೇಳ್ಬೇಕು. 1972ರ 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್' ಶೂಟಿಂಗ್ ಟೈಮಲ್ಲಿ ಅದರ ನಾಯಕಿ ಮರಿಯಾ ಶ್ನೈಡರ್‌ಗೆ 19 ವರ್ಷ. ಅದರ ಕುಖ್ಯಾತ ಅತ್ಯಾಚಾರದ ದೃಶ್ಯದಲ್ಲಿ ಬೆಣ್ಣೆ ಬಳಸ್ತೀವಿ ಅನ್ನೋದನ್ನ ಆಕೆಗೆ ಮೊದಲೇ ಹೇಳಿರ್ಲಿಲ್ಲ, ನಟಿಯಾಗಿ ಅಲ್ಲ ಹುಡುಗಿಯಾಗಿ ಅವಳಿಗಾಗೋ ಅವಮಾನ ಬೇಕಿತ್ತು ಅಂತ ನಿರ್ದೇಶಕ ಬೆರ್ತೊಲುಚ್ಚಿ ಎಷ್ಟೋ ವರ್ಷ ಆದ್ಮೇಲೆ ತಾನೇ ಒಪ್ಕೊಂಡ. ಶ್ನೈಡರ್ ಬದುಕಿದ್ದಾಗ್ಲೇ ಇದನ್ನ ಹೇಳಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 2024ರ ಡಿಸೆಂಬರಲ್ಲಿ ಪ್ಯಾರಿಸ್‌ನ ಸಿನೆಮಾಟೆಕ್ ಅನ್ನೋ ಸಿನಿಮಾ ಸಂಗ್ರಹಾಲಯ ಇದರ ಶೋ ಇಟ್ಟು ವಿರೋಧ ಬಂದ್ಮೇಲೆ ರದ್ದು ಮಾಡ್ತು. ಆರ್ಟ್ ಸಿನಿಮಾ ಅಂದ್ರೆ ಎಲ್ಲಾ ಮಾಫಿ ಅನ್ನೋ ನಮ್ಮ ಕೆಲವು ಗೆಳೆಯರು ಇದನ್ನ ಯೋಚನೆ ಮಾಡ್ಬೇಕು.

ಇನ್ನು ಅಣ್ಣನ ದೊಡ್ಡ ಮಾತು, ಇದೆಲ್ಲ ಫಾರಿನ್ ಖಾಯಿಲೆ, ನಮ್ಮಲ್ಲಿ ಇರ್ಲಿಲ್ಲ ಅನ್ನೋದು. ಅಣ್ಣ, ಕನ್ನಡದ ಹೊಸ ಅಲೆ ಶುರುವಾಗಿದ್ದೇ ಕೆಣಕೋದ್ರಿಂದ. 'ಸಂಸ್ಕಾರ' 1970ರಲ್ಲಿ ಬಂದಾಗ ಸೆನ್ಸಾರ್‌ನವ್ರು ಸರ್ಟಿಫಿಕೇಟ್ ಕೊಡಲ್ಲ ಅಂದಿದ್ರು, ಕೇಂದ್ರ ಸರ್ಕಾರದವರ್ಗೂ ಹೋಗಿ ಬಿಡಿಸ್ಕೊಂಡು ಬಂದ್ಮೇಲೆ ಅದೇ ಸಿನಿಮಾಗೆ ದೇಶದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಒಂದು ಹೆಣ ಇದೆ, ಅದನ್ನ ಸುಡೋರು ಯಾರು ಅಂತ ಅಗ್ರಹಾರ ಕೂತು ಚರ್ಚೆ ಮಾಡುತ್ತೆ, ಅಷ್ಟಕ್ಕೇ ಜನ ಉರಿದುಬಿದ್ರು. ಏಳು ವರ್ಷ ಆದ್ಮೇಲೆ ಕಾಸರವಳ್ಳಿಯವರ 'ಘಟಶ್ರಾದ್ಧ' ಬಂತು, ಅದಕ್ಕೂ ಅದೇ ಪ್ರಶಸ್ತಿ. ನನ್ನ ಪ್ರಕಾರ ಆ ಕಾಲೇಜ್ ಹುಡುಗನ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ವೇದ ಕಲಿಯೋಕೆ ಉಡುಪರ ಮನೆಗೆ ಬಂದ ಚಿಕ್ಕ ಹುಡುಗ ನಾಣಿ, ಆ ಮನೆಯ ವಿಧವೆ ಮಗಳು ಯಮುನಕ್ಕ, ಅವಳು ಬಸುರಿ. ಇಡೀ ಸಿನಿಮಾ ನಾಣಿ ಎತ್ತರದಲ್ಲಿ ನಿಂತು ನೋಡುತ್ತೆ. ಅವನಿಗೆ ಅರ್ಥ ಆಗ್ತಿಲ್ಲ, ಆದ್ರೆ ದಿಗಿಲಾಗ್ತಿದೆ, ತನ್ನನ್ನ ಅಕ್ಕರೆಯಿಂದ ನೋಡ್ಕೊಂಡೋಳಿಗೆ ಏನೋ ಕೆಟ್ಟದ್ದಾಗ್ತಿದೆ ಅಂತ ಗೊತ್ತು, ಅವನ ಕೈಲಿ ಏನೂ ಆಗಲ್ಲ. ಯಮುನಕ್ಕನ ಮೈ ತೋರಿಸಿ ಅನುಕಂಪ ಗಿಟ್ಟಿಸೋ ಶಾಟ್ ಒಂದೂ ನನಗೆ ಕಾಣ್ಲಿಲ್ಲ. ಕೊನೇಲಿ ಬದುಕಿರೋ ಮಗಳಿಗೆ ಅಪ್ಪ ಶ್ರಾದ್ಧ ಮಾಡಿ ತಲೆ ಬೋಳಿಸಿ ಹೊರಗೆ ಹಾಕ್ತಾನೆ, ಅದೇ ಅಪ್ಪ ಎಳೇ ಹುಡುಗೀನ ಮದ್ವೆ ಆಗೋಕೆ ಹೊರಟಿರೋ ಸುದ್ದಿ ಬರುತ್ತೆ, ನಾಣೀನ ಅವರಪ್ಪ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾನೆ. ನಾವೂ ನಾಣಿ ಜೊತೆ ನಡೆದು ಬಿಟ್ಟುಬರ್ತೀವಿ, ಅಲ್ಲೇ ನಿಂತ್ಕೊಳ್ಳೋಕೆ ಸಿನಿಮಾ ಬಿಡಲ್ಲ. ಇದಕ್ಕಿಂತ ಕೆಣಕೋದು ಇನ್ನೇನು ಬೇಕು ಹೇಳಿ.

ಕೆಣಕೋಕೆ ಘೋರಾನೇ ಬೇಕು ಅಂತಾನೂ ಇಲ್ಲ. ಬೆಲ್ಜಿಯಂನ ಶಾಂಟಾಲ್ ಅಕರ್ಮಾನ್ 1975ರಲ್ಲಿ ಮಾಡಿದ 'ಜಾನ್ ಡೀಲ್ಮನ್' 201 ನಿಮಿಷ, ಬ್ರಸೆಲ್ಸ್‌ನ ಒಬ್ಬ ವಿಧವೆಯ ಮೂರು ದಿನ, ಆಲೂಗಡ್ಡೆ ಸುಲಿಯೋದು, ಹಾಸಿಗೆ ಸರಿ ಮಾಡೋದು, ಮಧ್ಯಾಹ್ನ ದುಡ್ಡಿಗೆ ಒಬ್ಬ ಗಂಡಸು ಬಂದು ಹೋಗೋದು, ಎಲ್ಲಾ ಒಂದೇ ಸಮಾಧಾನದ ಕ್ಯಾಮೆರಾದಲ್ಲಿ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತೆ, ಆ ಪಾತ್ರೆ ಹಿಡ್ಕೊಂಡು ಎಲ್ಲಿ ಇಡೋದು ಅಂತ ಗೊತ್ತಾಗದೆ ಅವಳು ಮನೆಯೆಲ್ಲಾ ಓಡಾಡ್ತಾಳೆ, ಆ ಹೊತ್ತಿಗೆ ನಮಗೆ ಎದೆ ಹೊಡ್ಕೊಳ್ಳೋಕೆ ಶುರುವಾಗಿರುತ್ತೆ. 2022ರಲ್ಲಿ ಬ್ರಿಟನ್ನಿನ ಸೈಟ್ ಆಂಡ್ ಸೌಂಡ್ ಪತ್ರಿಕೆಯ ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳ ಪಟ್ಟೀಲಿ ಇದು ಒಂದನೇ ಸ್ಥಾನಕ್ಕೆ ಬಂತು, ಅದಕ್ಕೂ ಭಾರೀ ಜಗಳ ಆಯ್ತು. ಬೋರ್ ಅನ್ನೋರಿಗೆ ನಾನು ಹೇಳೋದು, ದಿನಾ ಮನೇಲಿ ಇದೇ ಕೆಲಸ ಮಾಡೋರ ಜೊತೆ ಕೂತ್ಕೊಂಡು ನೋಡಿ, ಅವ್ರಿಗೆ ಬೋರ್ ಆಗುತ್ತಾ ಕೇಳಿ.

ನಮ್ಮೂರ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ ಅಂತ ಮಾತ್ರ ಯಾರೂ ಹೇಳ್ಬೇಡಿ. ಸುಬ್ಬಣ್ಣ 1973ರಲ್ಲಿ ಹೆಗ್ಗೋಡಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದವ್ರಿಗೆ ಜಗತ್ತಿನ ಕ್ಲಾಸಿಕ್ ತೋರಿಸಿದ್ರು. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು, ಇಡೀ ರಾತ್ರಿ ಕೂತು ನಾಟಕ ನೋಡ್ತಿದ್ದ ಜನ.

ಈಗ ಕೆಲಸದ ಮಾತು. ಮೊದಲ ಶೋ 'ಘಟಶ್ರಾದ್ಧ' ಹಾಕೋಣ. ಅದನ್ನ ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಫೆಸ್ಟಿವಲ್ಲಲ್ಲಿ ತೋರಿಸಿದಾರೆ, ಯೂಟ್ಯೂಬಿನ ಮಸುಕು ಕಾಪಿ ಹಾಕೋದು ಬೇಡ, ಹಕ್ಕು ಯಾರತ್ರ ಇದ್ಯೋ ಅವ್ರನ್ನ ಕೇಳಿ ಕಾಗದದಲ್ಲಿ ಒಪ್ಪಿಗೆ ತಗೊಳ್ಳಿ. ಮನೆ ಓಟಿಟಿ ಅಕೌಂಟಿಂದ ಹಾಲಲ್ಲಿ ತೋರಿಸೋ ಹಂಗಿಲ್ಲ. ಸಾರ್ವಜನಿಕವಾಗಿ ತೋರಿಸೋಕೆ ಸೆನ್ಸಾರ್ ಸರ್ಟಿಫಿಕೇಟ್ ಇರ್ಲೇಬೇಕು, ಫಾರಿನ್ ಸಿನಿಮಾ ಆರಿಸೋವಾಗ ಇದನ್ನ ಮೊದ್ಲೇ ವಿಚಾರಿಸಿ. ಎ ಸರ್ಟಿಫಿಕೇಟ್ ಇದ್ರೆ ಹದಿನೆಂಟು ತುಂಬದವ್ರನ್ನ ಬಾಗಿಲಲ್ಲೇ ವಾಪಸ್ ಕಳಿಸ್ಬೇಕು, ಪಿಯುಸಿ ಹುಡುಗರು ಬೇಜಾರಾದ್ರೂ ಸರಿ. ಪೋಸ್ಟರಲ್ಲೇ ಸಿನಿಮಾದಲ್ಲಿ ಏನಿದೆ ಅಂತ ಎರಡು ಸಾಲು ನೇರವಾಗಿ ಬರೀರಿ, ಗರ್ಭಪಾತ ಇದೆ, ಆತ್ಮಹತ್ಯೆ ಪ್ರಯತ್ನ ಇದೆ ಅಂತ. ಅದರಿಂದ ಸಿನಿಮಾದ ಶಕ್ತಿ ಏನೂ ಕಮ್ಮಿ ಆಗಲ್ಲ. ಬಾಗಿಲ ಪಕ್ಕದ ಸಾಲು ಖಾಲಿ ಬಿಡಿ, ಎದ್ದು ಹೋಗೋರು ಸದ್ದಿಲ್ಲದೆ ಹೋಗ್ಲಿ, ಅವ್ರನ್ನ ಆಮೇಲೆ ಯಾರೂ ಆಡ್ಕೊಳ್ಳೋದು ಬೇಡ.

ಮುಗಿದ ತಕ್ಷಣ ಮೈಕ್ ಹಿಡ್ಕೊಂಡು ಭಾಷಣ ಬೇಡ. ಹತ್ತು ನಿಮಿಷ ಟೀ ಕುಡಿಯೋಕೆ ಬಿಟ್ಟು ಆಮೇಲೆ ಮಾತು, ಮೊದಲ ಮಾತು ಇಷ್ಟ ಆಗದೆ ಇದ್ದೋರದ್ದು. ಶಿರಾದ ಅಣ್ಣ ದಯವಿಟ್ಟು ಬರ್ಲೇಬೇಕು. 'ಜಾನ್ ಡೀಲ್ಮನ್' ಎರಡನೇ ತಿಂಗಳಿಗೆ ಇಡಿ, ಸರ್ಟಿಫಿಕೇಟು ಒಪ್ಪಿಗೆ ಎರಡೂ ಸಿಕ್ರೆ. ಮಾತು ಕಮ್ಮಿ ಇರೋದ್ರಿಂದ ಸಬ್‌ಟೈಟಲ್ ತೊಂದ್ರೆ ಜಾಸ್ತಿ ಇಲ್ಲ, ಕಥೆಯ ಹಿನ್ನೆಲೆ ಒಂದು ಪುಟ ಕನ್ನಡದಲ್ಲಿ ಹಂಚಿದ್ರೆ ಸಾಕು. ಅದನ್ನ ಬೆಳಗ್ಗೆ ಹತ್ತಕ್ಕೇ ಶುರು ಮಾಡಿ, ಸಂಜೆ ಇಟ್ರೆ ಪಾವಗಡ, ಮಧುಗಿರಿ ಕಡೆಯವ್ರಿಗೆ ಬಸ್ ತಪ್ಪಿಹೋಗುತ್ತೆ.