ಮಗ ಸುಳ್ಳು ಹೇಳುತ್ತಿಲ್ಲ ಮೇಷ್ಟ್ರೇ

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಮಗ ನ್ಯೂಯಾರ್ಕಿನಲ್ಲಿದ್ದಾನೆ, ಎಚ್-1ಬಿ ವೀಸಾ, ವರ್ಷಕ್ಕೆ 90,000 ಡಾಲರ್ ಸಂಬಳ. ಅದೇ ಊರಿನ ಭಾಗವಾದ ಕ್ವೀನ್ಸ್‌ನಲ್ಲಿ ಸ್ನೇಹಿತನ ಜೊತೆ ಮನೆ ಮಾಡಿಕೊಂಡಿದ್ದಾನೆ. ಅವನ ಪಾಲಿನ ಬಾಡಿಗೆ ತಿಂಗಳಿಗೆ 1,600 ಡಾಲರ್. "ಮಹಡಿ ಕಟ್ಟಿಸೋಣ, ಹತ್ತು ಲಕ್ಷ ಕಳಿಸು ಅಂದರೆ ಕೈಯಲ್ಲಿ ಇಲ್ಲ ಅಂತಾನೆ. ಮುಕ್ಕಾಲು ಕೋಟಿ ದುಡಿಯೋನ ಹತ್ತಿರ ಹತ್ತು ಲಕ್ಷ ಇರಲ್ವಾ? ಏನಾದ್ರೂ ಮುಚ್ಚಿಡ್ತಿದ್ದಾನಾ?" ಅಂತ ಕೇಳಿದ್ದಾರೆ.

ಮೇಷ್ಟ್ರೇ, ನೀವು ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅವನು ಡಾಲರಲ್ಲಿ ದುಡಿದು ಡಾಲರಲ್ಲೇ ಖರ್ಚು ಮಾಡುತ್ತಾನೆ. ಸಂಬಳವನ್ನು ಗುಣಿಸಿದ ಮೇಲೆ ಬಾಡಿಗೆಯನ್ನೂ ಗುಣಿಸಬೇಕು, ಅಲ್ವಾ?

90,000 ಅಂದರೆ ತಿಂಗಳಿಗೆ 7,500. ಅದರಲ್ಲಿ ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ ಹೋಗುತ್ತವೆ. ನ್ಯೂಯಾರ್ಕಿನಲ್ಲಿ ಇವೆರಡು ಸಾಲದು ಅಂತ ಊರೇ ಬೇರೆ ಆದಾಯ ತೆರಿಗೆ ಹಾಕುತ್ತದೆ, ನೂರಕ್ಕೆ ಮೂರೂವರೆ ಡಾಲರ್ ಆಸುಪಾಸು. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ, ಅಂದರೆ ಸರ್ಕಾರದ ಪಿಂಚಣಿಗೆ, ವಯಸ್ಸಾದವರ ಚಿಕಿತ್ಸೆಗೆ ಅಂತ ನೂರಕ್ಕೆ 7.65 ಹೋಗುತ್ತದೆ. ಆಫೀಸಿನ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಅವನ ಪಾಲೂ ಇರುತ್ತದೆ. ಕೈಗೆ ಬರುವುದು 5,000 ಚಿಲ್ಲರೆ.

ಆಮೇಲೆ ಬಾಡಿಗೆ. ನಿಮ್ಮ ಮಗ ಒಬ್ಬನೇ ಯಾಕೆ ಮನೆ ಮಾಡಿಲ್ಲ ಅಂದುಕೊಂಡಿರಿ? ಅಲ್ಲಿ ಓನರ್‌ಗಳು ಸಾಮಾನ್ಯವಾಗಿ ಒಂದು ಲೆಕ್ಕ ಹಿಡಿಯುತ್ತಾರೆ: ವರ್ಷದ ಸಂಬಳ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು. ಆ ಲೆಕ್ಕದಲ್ಲಿ 90,000ಕ್ಕೆ 2,250 ಡಾಲರಿನ ಮನೆಯಷ್ಟೇ. ಆದರೆ ಮ್ಯಾನ್‌ಹಟನ್ನಿನಲ್ಲಿ ಹೊಸದಾಗಿ ಬಾಡಿಗೆಗೆ ಹೋಗುವ ಮನೆಗಳಲ್ಲಿ ಅರ್ಧದಷ್ಟು 4,000 ಡಾಲರ್ ದಾಟಿವೆ. 2023ರಲ್ಲಿ ನಗರದವರು ಎಣಿಸಿದಾಗ ನೂರು ಬಾಡಿಗೆ ಮನೆಗಳಲ್ಲಿ ಖಾಲಿ ಸಿಕ್ಕಿದ್ದು ಒಂದೂವರೆಯೂ ಅಲ್ಲ, 1.4. ಸುಮಾರು ಹತ್ತು ಲಕ್ಷ ಮನೆಗಳ ಬಾಡಿಗೆಗೆ ಸರ್ಕಾರದ ಹಿಡಿತವಿದೆ, ಒಳಗಿರುವವರು ಸುಲಭಕ್ಕೆ ಬಿಡುವುದಿಲ್ಲ. ನಾನಾದರೂ ಬಿಡುತ್ತಿರಲಿಲ್ಲ. ಹೊಸಬರು ಉಳಿದದ್ದಕ್ಕೆ ಮುಗಿಬೀಳಬೇಕು.

2025ರ ಜೂನ್ ತನಕ ಇನ್ನೊಂದು ತಮಾಷೆ ಇತ್ತು. ಬ್ರೋಕರನ್ನು ಹಿಡಿಯುವುದು ಓನರ್, ಕಮಿಷನ್ ಕೊಡುವುದು ಬಾಡಿಗೆಯವನು. ವರ್ಷದ ಬಾಡಿಗೆಯ ನೂರಕ್ಕೆ 12ರಿಂದ 15. ಈಗ ಕರೆದವರೇ ಕೊಡಬೇಕು ಅಂತ ಕಾನೂನು ಬಂದಿದೆ. ಅಡ್ವಾನ್ಸ್ ಮಾತ್ರ ಒಂದೇ ತಿಂಗಳದು, ಅದಕ್ಕೂ ಕಾನೂನಿದೆ. ಹತ್ತು ತಿಂಗಳು ಕೇಳುವ ಬೆಂಗಳೂರಿನ ಓನರ್‌ಗಳಿಗೆ ಇದನ್ನು ಯಾರಾದರೂ ಹೇಳಿ.

ನಾನು ಮೂರು ವಾರ ಕ್ವೀನ್ಸ್‌ನಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದೆ. ಹಳೇ ಕಟ್ಟಡ, ಮನೆಯಲ್ಲಿ ವಾಷಿಂಗ್ ಮೆಷಿನ್ ಇಡುವ ಹಾಗಿಲ್ಲ. ಅಡುಗೆಮನೆ ಕಿಟಕಿಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ, ಅದರ ತುಂಬ ಕಾಲು ಡಾಲರ್ ನಾಣ್ಯ. ಭಾನುವಾರ ಬೆಳಿಗ್ಗೆ ಬಟ್ಟೆ ಗಂಟು ಒಂದು ಕೈಯಲ್ಲಿ, ಬಾಟಲಿ ಇನ್ನೊಂದು ಕೈಯಲ್ಲಿ, ನಾಣ್ಯ ಹಾಕಿದರೆ ಓಡುವ ಮೆಷಿನ್ ಇರುವಲ್ಲಿಗೆ ಹೊರಡುತ್ತಾಳೆ. ಒಗೆಯಲು ಒಂದು ಹಿಡಿ ನಾಣ್ಯ, ಒಣಗಿಸಲು ಇನ್ನೊಂದು ಹಿಡಿ. ನಾನು ಚಿಲ್ಲರೆ ಅಂತ ಅದರಲ್ಲಿ ನಾಲ್ಕು ತೆಗೆದುಕೊಂಡು ಹೋಗಿ ಬೈಸಿಕೊಂಡೆ. ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ ಅವಳು!

ಅವಳು ಹೊರಗೆ ಊಟ ಮಾಡುವುದೂ ಕಡಿಮೆ. ಮೆನುವಿನಲ್ಲಿ 20 ಡಾಲರ್ ಅಂತಿದ್ದರೆ 8.875 ಪರ್ಸೆಂಟ್ ತೆರಿಗೆ, 20 ಪರ್ಸೆಂಟ್ ಟಿಪ್ಸ್ ಸೇರಿ 25 ಮುಕ್ಕಾಲು ಆಗುತ್ತದೆ. ಜ್ಯಾಕ್ಸನ್ ಹೈಟ್ಸ್‌ನಿಂದ ಅಕ್ಕಿ, ಬೇಳೆ ತಂದು ಸಾರು ಮಾಡುತ್ತಾಳೆ. ಆಸೆಯಾದಾಗ ಫ್ಲಶಿಂಗ್‌ನ ಗಣೇಶನ ಗುಡಿ ಕ್ಯಾಂಟೀನಿಗೆ ಹೋಗಿ ದೋಸೆ ತಿನ್ನುತ್ತಾಳೆ.

ಎಲ್ಲವೂ ದುಬಾರಿ ಅಂತಲ್ಲ. ಕಾರು ಬೇಡ, ಅದೇ ದೊಡ್ಡ ಉಳಿತಾಯ. ಸಬ್‌ವೇ ಅಂದರೆ ಅಲ್ಲಿನ ಮೆಟ್ರೋ ರೈಲಿಗೆ ಒಂದು ಸಲಕ್ಕೆ 3 ಡಾಲರ್, ಏಳು ದಿನದಲ್ಲಿ 35 ಮುಟ್ಟಿದರೆ ಆಮೇಲಿನ ಓಡಾಟ ಪುಕ್ಕಟೆ. ಪಕ್ಕದ ರಾಜ್ಯ ನ್ಯೂಜೆರ್ಸಿಯ ಎಡಿಸನ್ನಿಗೆ ಹೋಗಬಾರದಾ ಅಂತಲೂ ಕೇಳಿದ್ದೀರಿ. ಹೋಗಬಹುದು. ಊರಿನ ತೆರಿಗೆ ತಪ್ಪುತ್ತದೆ. ಆದರೆ ಕೆಲಸ ನ್ಯೂಯಾರ್ಕಿನಲ್ಲೇ ಇರುವವರೆಗೆ ನ್ಯೂಯಾರ್ಕ್ ರಾಜ್ಯದ ತೆರಿಗೆ ತಪ್ಪುವುದಿಲ್ಲ. ರೈಲಿನ ಪಾಸಿಗೆ ತಿಂಗಳಿಗೆ ನೂರಾರು ಡಾಲರ್ ಬೇಕು, ಆ ಕಡೆ ಕಾರೂ ಬೇಕಾಗುತ್ತದೆ.

ಇನ್ನು ನಿಮ್ಮ ಪತ್ರದ ಕೊನೆಯ ಸಾಲು. "ಎಂಎಸ್ ಸಾಲದ ಕಂತು ಅವನೇ ಕಟ್ಟಿಕೊಳ್ತಾನೆ" ಅಂತ ಸುಮ್ನೆ ಒಂದು ಮಾತು ಸೇರಿಸಿದ್ದೀರಿ. ಮೇಷ್ಟ್ರೇ, ಅದನ್ನು ಮೊದಲು ಬರೆಯಬೇಕಿತ್ತು! ಬಾಡಿಗೆ, ಊಟ, ಓಡಾಟ, ಫೋನು, ಆ ಕಂತು ಎಲ್ಲ ಕಳೆದು ತಿಂಗಳಿಗೆ ಒಂದು ಸಾವಿರ ಡಾಲರ್ ಉಳಿಸಿದರೆ ಹುಡುಗ ಜಾಣ. ಆ ದುಡ್ಡನ್ನೂ ಅವನು ಮುಟ್ಟುವುದಿಲ್ಲ. ಎಚ್-1ಬಿಯಲ್ಲಿರುವವರು ಕೆಲಸ ಕಳೆದುಕೊಂಡರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಅಷ್ಟು ದಿನವೂ ಬಾಡಿಗೆ ನಿಲ್ಲುವುದಿಲ್ಲ. ಕೈಯಲ್ಲಿ ಇಲ್ಲ ಅಂದದ್ದು ಅದಕ್ಕೇ ಇರಬೇಕು.

ತಾರಸಿ ಮೇಲೆ ಮಹಡಿಗೆ ಅಂತ ಕಂಬಿ ಬಿಟ್ಟಿರುತ್ತೀರಲ್ಲ, ತುಕ್ಕು ಹಿಡಿಯದ ಹಾಗೆ ಅದಕ್ಕೊಂದು ಸಲ ಸಿಮೆಂಟ್ ನೀರು ಬಳಿಸಿ. ಇನ್ನೆರಡು ಮಳೆಗಾಲ ಹಾಗೇ ಇರಲಿ.

– ಸಂಪಾದಕ