ಲಾರಿಯ ಎಂಜಿನ್ ಜಾಗವನ್ನು ಮನೆಯಲ್ಲೇ ತೊಳೆಯಬಹುದಾ?

ಖಂಡಿತ ತೊಳೆಯಬಹುದು. ಆದರೆ ಜೋರು ಪ್ರೆಶರ್‌ನ ನೀರು ಮಾತ್ರ ಬೇಡ.

ನಮ್ಮ ಗದಗ ಕಡೆ ಎರೆ ಮಣ್ಣಿನ ಧೂಳು ಹೇಗಿರುತ್ತದೆ ಗೊತ್ತಲ್ವಾ? ಆಯಿಲ್ ಜಿನುಗಿದ ಕಡೆ ಕೂತು ಹೆಪ್ಪುಗಟ್ಟುತ್ತದೆ. ಸುಮ್ನೆ ನೀರು ಹೊಡೆದರೆ ಕೆಸರಾಗಿ ಇನ್ನೂ ಒಳಗೆ ಹೋಗುತ್ತದೆ. ಮೊದಲು ಒಣ ಬ್ರಷ್‌ನಿಂದ ಉದುರಿಸಿ. ಅದಕ್ಕೂ ಮೊದಲು ಆಯಿಲ್ ಎಲ್ಲೆಲ್ಲಿ ಹಸಿಯಾಗಿದೆ ಎಂದು ಫೋಟೊ ತೆಗೆದಿಡಿ. ತೊಳೆದ ಮೇಲೆ ಲೀಕ್‌ನ ಗುರುತೇ ಸಿಗುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕ್ಯಾಬಿನ್ ಎತ್ತುವ ಗಾಡಿಯಾದರೆ ಒಳಗಿನ ಬಾಟಲಿ, ಸ್ಪ್ಯಾನರ್ ಎಲ್ಲ ಮೊದಲು ತೆಗೆಯಿರಿ, ಇಲ್ಲದಿದ್ದರೆ ಜಾರಿ ಮುಂದಿನ ಗಾಜಿಗೆ ಬಡಿಯುತ್ತವೆ. ಎತ್ತಿದ ಮೇಲೆ ಲಾಕ್ ಕೂತಿದೆಯಾ ಎಂದು ಕಣ್ಣಾರೆ ನೋಡಿ, ಆಮೇಲೇ ಕೆಳಗೆ ಕೈ ಹಾಕಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ), ಫ್ಯೂಸ್ ಬಾಕ್ಸ್, ಇಸಿಎಂ (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಗಾಳಿ ಎಳೆಯುವ ಬಾಯಿ, ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ.

ಡೀಸೆಲ್ ಹೊಡೆದು ತೊಳೆಯುವ ರೂಢಿ ತುಂಬಾ ಕಡೆ ಇದೆ. ದಯವಿಟ್ಟು ಬೇಡ, ರಬ್ಬರ್ ಹೋಸ್ ಉಬ್ಬಿ ಹಾಳಾಗುತ್ತದೆ, ಬೆಂಕಿಯ ಭಯ ಬೇರೆ. ಡಿಗ್ರೀಸರ್ (ಆಯಿಲ್, ಗ್ರೀಸ್ ಜಿಡ್ಡು ಬಿಡಿಸುವ ದ್ರವ) ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಒಣಗಲು ಬಿಡದೆ ಬ್ರಷ್‌ನಿಂದ ತಿಕ್ಕಿ, ಕಡಿಮೆ ನೀರಿನಲ್ಲಿ ತೊಳೆಯಿರಿ.

ರೇಡಿಯೇಟರ್ ಮರೆಯಬೇಡಿ. ಹತ್ತಿ ಸಾಗಿಸುವ ಗಾಡಿಗಳಲ್ಲಿ ಎಳೆಗಳು ಅದರ ಸಂದಿಗಳಲ್ಲಿ ಕಂಬಳಿಯಂತೆ ಕಟ್ಟಿಕೊಂಡಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ಗಾಳಿ ಬಿಡಿ.

ಕೊನೆಗೆ ಬಟ್ಟೆಯಿಂದ ಒರೆಸಿ, ಚೀಲ ಬಿಚ್ಚಿ, ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಜೋಡಿಸಿ. ಆಯಿಲ್ ನೀರು ಚರಂಡಿಗೆ, ಹೊಲಕ್ಕೆ ಹರಿಯದಂತೆ ಕೆಳಗೆ ಟ್ರೇ ಇಡಿ.