ಹಳೆ ಪಿಕಪ್‌ಗೆ ಹೊಸ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ನನ್ನದು 2008ರ ಬೊಲೆರೊ ಪಿಕಪ್, ಹಳೆ ಡಿಐ ಎಂಜಿನ್. ಕಲಘಟಗಿಯಿಂದ ತರಕಾರಿ ಹೇರಿಕೊಂಡು ಅಂಕೋಲಾ, ಕಾರವಾರಕ್ಕೆ ಹೋಗುತ್ತೇನೆ, ಬರುವಾಗ ತೆಂಗಿನಕಾಯಿ ಲೋಡು. ಈಗ ನೀಲಿ ಹೊಗೆ ಬರುತ್ತಿದೆ, ಆಯಿಲ್ ಬೇಗ ಇಳಿಯುತ್ತಿದೆ, ಅರಬೈಲ್ ಘಟ್ಟ ಹತ್ತುವಾಗ ಗಾಡಿ ಎಳೆಯುವುದೇ ಇಲ್ಲ. ಹುಬ್ಬಳ್ಳಿಯ ಮಿಸ್ತ್ರಿ ಒಬ್ಬರು, ಅಪಘಾತವಾದ 2018ರ ಪಿಕಪ್‌ನ ಕಾಮನ್ ರೇಲ್ ಎಂಜಿನ್ ಇದೆ, 85,000 ರೂಪಾಯಿಗೆ ಕೂರಿಸಿ ಕೊಡುತ್ತೇನೆ ಅಂದಿದ್ದಾರೆ. ಎರಡೂ 2523 ಸಿಸಿ, ನಟ್ಟು ಬೋಲ್ಟು ಎಲ್ಲಾ ಕೂರುತ್ತದೆ ಅನ್ನುತ್ತಾರೆ. ಹಾಕಿಸಲಾ? – ಓದುಗರು, ಕಲಘಟಗಿ

ಉತ್ತರ: ಬೇಡ ಅಣ್ಣಾ, ಹಾಕಿಸಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಸಿಸಿ ಒಂದೇ ಅನ್ನುವುದು ನಿಜ. ಅದನ್ನು ನಂಬಿಯೇ ಜನ ಮೋಸ ಹೋಗುವುದು. ಎಂಜಿನ್ ಎತ್ತಿ ಇಳಿಸುವುದು ಒಂದು ದಿನದ ಕೆಲಸ, ಮೌಂಟಿಂಗ್, ಕ್ಲಚ್, ಸೈಲೆನ್ಸರ್ ಪೈಪು ಹೇಗೋ ಹೊಂದಿಸಬಹುದು. ಆದರೆ ನಿಮ್ಮ ಹಳೆ ಎಂಜಿನ್‌ಗೆ ಡೀಸೆಲ್ ಎಷ್ಟು ಬೇಕು ಅಂತ ಪಂಪೇ ನಿರ್ಧಾರ ಮಾಡುತ್ತದೆ, ನಿಮ್ಮ ಕಾಲಿನ ಒತ್ತು ಕೇಬಲ್ ಮೂಲಕ ಸೀದಾ ಪಂಪ್‌ಗೆ ಹೋಗುತ್ತದೆ. ಕಾಮನ್ ರೇಲ್‌ನಲ್ಲಿ ಆ ನಿರ್ಧಾರ ಕಂಪ್ಯೂಟರ್‌ನದು. ಅಂದರೆ ಎಂಜಿನ್ ಜೊತೆಗೆ ಅದರ ಇಸಿಯು (ಅದೇ ಆ ಕಂಪ್ಯೂಟರ್), ಪೂರ್ತಿ ವೈರಿಂಗ್, ಸೆನ್ಸರ್ ಇರುವ ಆಕ್ಸಿಲರೇಟರ್ ಪೆಡಲ್, ಕ್ಲಚ್ ಮತ್ತು ಬ್ರೇಕ್ ಪೆಡಲ್ ಸ್ವಿಚ್, ಡೀಸೆಲ್ ಫಿಲ್ಟರ್, ಇಷ್ಟೂ ಬರಬೇಕು, ಅದೂ ಅದೇ ಗಾಡಿಯದ್ದು. ಬಹಳಷ್ಟು ಇಂಥ ಎಂಜಿನ್‌ಗಳಲ್ಲಿ ಡೀಸೆಲ್ ಚಿಮ್ಮಿಸುವ ಒಂದೊಂದು ನೋಜಲ್‌ಗೂ ಒಂದು ಕೋಡ್ ಇರುತ್ತದೆ, ಅದನ್ನು ಇಸಿಯುಗೆ ತುಂಬಬೇಕು. ಒಂದು ಸೆನ್ಸರ್ ಸಿಗ್ನಲ್ ಬರದಿದ್ದರೂ ಎಂಜಿನ್ ಪವರ್ ಕಡಿಮೆ ಮಾಡಿಕೊಂಡು ತೆವಳಲು ಶುರು ಮಾಡಬಹುದು. ಗುಜರಿಯಲ್ಲಿ ವೈರಿಂಗನ್ನು ಸಾಮಾನ್ಯವಾಗಿ ಕತ್ತರಿಸಿಯೇ ತೆಗೆದಿರುತ್ತಾರೆ, ಹಾಗೆ ಕತ್ತರಿಸಿ ಜೋಡಿಸಿದ ತಂತಿ ಮಳೆಗಾಲದಲ್ಲಿ ಎಷ್ಟು ಕಾಡುತ್ತದೆ ಅಂತ ನಾನು ನೋಡಿದ್ದೇನೆ. ಯಲ್ಲಾಪುರ ದಾಟಿ ಕಾಡಿನ ನಡುವೆ, ಸುರಿಯುವ ಮಳೆಯಲ್ಲಿ, ಇಂಥದ್ದೇ ಒಂದು ಗಾಡಿ ನಿಂತುಬಿಟ್ಟಿತ್ತು. ಸ್ಕ್ಯಾನರ್ ಇರುವವರು ಬರುವಷ್ಟರಲ್ಲಿ ಟೊಮೆಟೊ ಎಲ್ಲಾ ಹಾಳಾಗಿತ್ತು. ನಿಮ್ಮ ಹಳೆ ಎಂಜಿನ್ ಆಗಿದ್ದರೆ, ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದರೆ ಪಾನಾ ತೆಗೆದು ನೀವೇ ಗಾಳಿ ಬಿಡಿಸಿ ಮುಂದೆ ಹೋಗುತ್ತಿದ್ದಿರಿ, ಅಲ್ವಾ?

ಇನ್ನೊಂದು, ನಿಮ್ಮ ಡೀಸೆಲ್ ಟ್ಯಾಂಕ್. ಇಷ್ಟು ವರ್ಷದ ಟ್ಯಾಂಕ್ ತಳದಲ್ಲಿ ತುಕ್ಕು, ನೀರು, ಕೆಸರು ಇದ್ದೇ ಇರುತ್ತದೆ. ಹಳೆ ಪಂಪ್ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಕಾಮನ್ ರೇಲ್‌ನಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತದೆ, ಅಷ್ಟು ಸೂಕ್ಷ್ಮವಾದ ಪಂಪು, ನೋಜಲ್‌ಗೆ ಈ ಕಸ ಹೋದರೆ ಮುಗೀತು. 85,000ದಲ್ಲಿ ಟ್ಯಾಂಕ್ ಕೆಲಸ ಸೇರಿದೆಯಾ ಅಂತ ಮಿಸ್ತ್ರಿಯನ್ನು ಕೇಳಿ ನೋಡಿ.

ಆಮೇಲೆ ಕಾಗದಪತ್ರ. ಆರ್‌ಸಿಯಲ್ಲಿ ಇರುವ ವಿವರಕ್ಕೂ ಕಂಪನಿ ಮೊದಲು ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಬದಲಾವಣೆ ಒಂದೊಂದಕ್ಕೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ನಿಮ್ಮದು ಸರಕು ಸಾಗಿಸುವ ಗಾಡಿ, 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ನಿಲ್ಲಿಸಲೇಬೇಕು. ಅಲ್ಲಿ ಎಂಜಿನ್ ನಂಬರ್ ಹೊಂದಲಿಲ್ಲ ಅಂದರೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಅದಕ್ಕಿಂತ ನನಗೆ ಹೆದರಿಕೆ ಇನ್ಶೂರೆನ್ಸ್‌ದು. ಘಟ್ಟದಲ್ಲಿ ಏನಾದರೂ ಆಗಿ, ಕ್ಲೇಮ್ ಹಾಕಿದಾಗ ಈ ಎಂಜಿನ್ ಯಾವುದು ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಲ್ಲ.

ಹಾಗಂತ ಎಂಜಿನ್ ಬದಲಾಯಿಸಲೇಬಾರದು ಅಂತ ಕಾಯ್ದೆ ಹೇಳಲ್ಲ. ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಆದರೆ ದಾರಿ ಇದೆ. ಮೊದಲು ಆರ್‌ಟಿಒ ಹತ್ತಿರ ಅನುಮತಿ ಕೇಳಿ, ಹಾಕಿಸಿದ ಮೇಲೆ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಿ. ಎಂಜಿನ್ ಕೊಟ್ಟವರಿಂದ ಬಿಲ್ಲು, ಆ ಎಂಜಿನ್ ಮೊದಲು ಇದ್ದ ಗಾಡಿಯ ಆರ್‌ಸಿ ರದ್ದಾದ ಕಾಗದ, ಎರಡನ್ನೂ ಕೇಳಿ ತೆಗೆದುಕೊಳ್ಳಿ. ಕಾಗದ ಇಲ್ಲದ ಎಂಜಿನ್ ಕಳ್ಳ ಮಾಲು ಆಗಿದ್ದರೆ ಸುಮ್ನೆ ನೀವು ಸಿಕ್ಕಿಕೊಳ್ಳುತ್ತೀರಿ.

ಈಗ ಮುಖ್ಯ ಮಾತು. ನಿಮ್ಮ ಎಂಜಿನ್‌ಗೆ ಏನಾಗಿದೆ ಅಂತ ಯಾರಾದರೂ ನೋಡಿದ್ದಾರಾ? ನಿಮ್ಮ ಪತ್ರದಲ್ಲಿ ಅದೇ ಇಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಅಷ್ಟು ಖಚಿತ. ಆದರೆ ಅದು ಎಲ್ಲಿಂದ ಬರುತ್ತಿದೆ? ಎಂಜಿನ್ ಚಾಲೂ ಇಟ್ಟು ಆಯಿಲ್ ತುಂಬುವ ಮುಚ್ಚಳ ತೆಗೆಯಿರಿ. ಭುಸುಭುಸು ಅಂತ ಗಾಳಿ ಹೊಗೆ ಹೊರಗೆ ದೂಡಿದರೆ ಪಿಸ್ಟನ್ ರಿಂಗು, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಸವೆದಿದೆ. ಹಾಗೇನೂ ಇಲ್ಲ ಅಂದರೆ ಎಂಜಿನ್ ಆಫ್ ಮಾಡಿ, ಎಂಜಿನ್‌ಗೆ ಹೆಚ್ಚು ಗಾಳಿ ದೂಡುವ ಟರ್ಬೊದ ಪೈಪ್ ಬಿಚ್ಚಿಸಿ ನೋಡಿ, ಒಳಗೆ ಆಯಿಲ್ ಜಿನುಗಿ ತುಂಬಿಕೊಂಡಿದ್ದರೆ ತಪ್ಪು ಟರ್ಬೊದ್ದಿರಬಹುದು, ವಾಲ್ವ್ ಸೀಲ್ ಹೋದರೂ ನೀಲಿ ಹೊಗೆ ಬರುತ್ತದೆ. ಇವೆರಡೂ ಎಂಜಿನ್ ಇಳಿಸದೆ ಆಗುವ ಕೆಲಸ. ನಾಲ್ಕೂ ಸಿಲಿಂಡರ್‌ಗೆ ಕಂಪ್ರೆಷನ್ ಗೇಜ್ ಹಾಕಿಸಿ, ಒಂದಕ್ಕೊಂದು ಎಷ್ಟು ಅಂತರ ಇದೆ ಬರೆದಿಟ್ಟುಕೊಳ್ಳಿ. ಎಳೆತ ಕಡಿಮೆ ಆಗಿರುವುದಕ್ಕೆ ಕ್ಲಚ್ ಜಾರುವುದು, ಡೀಸೆಲ್ ಫಿಲ್ಟರ್ ಕಟ್ಟುವುದು, ಟರ್ಬೊ ಪೈಪ್ ಸೀಳಿರುವುದು ಕಾರಣ ಇರಬಹುದು, ಇವನ್ನೂ ಬಿಡಬೇಡಿ.

ಬೋರ್ ಸವೆದಿದೆ ಅಂತ ಆದರೆ ಇದೇ ಎಂಜಿನ್ ಪೂರ್ತಿ ಬಿಚ್ಚಿಸಿ ಮಾಡಿಸಿ, ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಕೇಳಿದರೆ ಬೋರ್, ಕ್ರ್ಯಾಂಕ್ ಕೆಲಸ ಮಾಡುವವರನ್ನು ಯಾರಾದರೂ ತೋರಿಸುತ್ತಾರೆ. ಕ್ರ್ಯಾಂಕ್ ಅಳೆದು ಬೇಕಿದ್ದರೆ 0.25 ಮಿ.ಮೀ. ಗ್ರೈಂಡ್ ಮಾಡಿಸಿ ಅದೇ ಅಳತೆಯ ಬೇರಿಂಗ್ ಹಾಕಿಸಿ. ಹೆಡ್‌ಗೆ ಪ್ರೆಷರ್ ಟೆಸ್ಟ್ ಮಾಡಿಸಿ, ಸೀಳಿರುವ ಹೆಡ್ ಮತ್ತೆ ಕೂರಿಸಿದರೆ ಎಲ್ಲಾ ಖರ್ಚು ನೀರುಪಾಲು. ಪಂಪು, ನೋಜಲ್ ಕ್ಯಾಲಿಬ್ರೇಷನ್ ಕೂಡ ಇದೇ ಸಲ ಮಾಡಿಸಿ, ದುಡ್ಡು ಉಳಿಸಲು ಮುಂದೂಡಬೇಡಿ. ಮತ್ತೆ ಬೋರ್ ಯಾಕೆ ಸವೆಯಿತು ಅಂತ ಹುಡುಕಲೇಬೇಕು. ಏರ್ ಫಿಲ್ಟರ್ ದಾಟಿದ ಮೇಲಿನ ಹೋಸ್ ಸೀಳಿದ್ದರೆ, ಹೊಲದ ರಸ್ತೆಯ ಧೂಳು ಸೀದಾ ಬೋರಿಗೆ ಹೋಗುತ್ತದೆ, ಮರಳು ಕಾಗದದಿಂದ ತಿಕ್ಕಿದ ಹಾಗೆ. ಆ ಹೋಸ್ ಬದಲಾಯಿಸದಿದ್ದರೆ ಹೊಸ ಪಿಸ್ಟನ್ನೂ ಹೀಗೇ ಹೋಗುತ್ತದೆ. ಮಾಡಿಸಿದ ಮೇಲೆ ಮೊದಲ 1,000 ಕಿ.ಮೀ. ಪೂರ್ತಿ ಲೋಡು ಬೇಡ, ಘಟ್ಟವೂ ಬೇಡ, ಆಮೇಲೆ ಆಯಿಲ್ ಬದಲಾಯಿಸಿ.

ಉಳಿದ ದುಡ್ಡಲ್ಲಿ ಬ್ರೇಕ್ ನೋಡಿಸಿ. ನೀವು ಲೋಡು ಹಾಕಿಕೊಂಡು ಅರಬೈಲ್ ಇಳಿಯುವವರು, ಹತ್ತುವಾಗ ಗಾಡಿ ನಿಧಾನ ಆದರೆ ತಡ ಆಗುತ್ತದೆ ಅಷ್ಟೇ, ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ ಅಂದರೆ ಜೀವವೇ ಹೋಗುತ್ತದೆ. ಹಿಂದಿನ ಡ್ರಮ್ ಬಿಚ್ಚಿ ಬ್ರೇಕ್ ಲೈನರ್, ವೀಲ್ ಸಿಲಿಂಡರ್ ನೋಡಿಸಿ, ಬ್ರೇಕ್ ಆಯಿಲ್ ಹೊಸದು ಹಾಕಿಸಿ.

ಬ್ಲಾಕ್ ಬಿಚ್ಚಿದ ದಿನ ಲೇಥ್‌ನವರು ನಾಲ್ಕೂ ಬೋರಿನ ಅಳತೆ ತೆಗೆಯುತ್ತಾರೆ, ಮೇಲೆ, ನಡುವೆ, ಕೆಳಗೆ. ಆ ಚೀಟಿಯ ಫೋಟೊ ನನಗೆ ಕಳಿಸಿ. ಓವರ್‌ಸೈಜ್ ಪಿಸ್ಟನ್ ಸಾಕಾ, ಬೋರಿಗೆ ಹೊಸ ಲೈನರ್ ಬೇಕಾ ಅಂತ ನೋಡಿ ಹೇಳುತ್ತೇನೆ.